ಗೆರೆಗೆ ಮೊದಲೇ ಚೆಂಡು ಬಿಟ್ಟ ಮೇಷ್ಟ್ರು

ಅಮೆರಿಕದ ನೆಬ್ರಾಸ್ಕಾದ ಲಿಪಾ ಊರಿನಲ್ಲಿ ಎಮಿಲ್ ವೊಂದ್ರಾಚೆಕ್‌ನಿಂದ ರೇಖಾಗಣಿತ ಕಲಿಯದವರು ವಿರಳ. ಕಾರು ಓಡಿಸಲು ಕಲಿಸಿದವನೂ ಅವನೇ. ಲಿಪಾದವರು ಖಾಲಿ ರಸ್ತೆಯಲ್ಲೂ ಆಮೆಯಂತೆ ಸಾಗುವುದು ಅದಕ್ಕೇ ಎಂದು ಪಕ್ಕದೂರಿನವರು ಆಡಿಕೊಳ್ಳುತ್ತಾರೆ. ಶುಕ್ರವಾರ ಸಂಜೆಯಾದರೆ ಅವನು ಶಾಲೆಯ ಫುಟ್‌ಬಾಲ್ ತಂಡದ ಕೋಚ್; ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕದ ಫುಟ್‌ಬಾಲ್.

ಕಾಲೇಜಿನಲ್ಲಿ ಅವನೂ ಆಡಿದವನೇ. ಬಗ್ಗಿ ನಿಂತು ಕಾಲುಸಂದಿಯಿಂದ ಚೆಂಡನ್ನು ಹಿಂದಿನವನಿಗೆ ಕೊಡುವುದು, ಎದುರಿನವನಿಗೆ ಎದೆಯೊಡ್ಡುವುದು, ಇಷ್ಟೇ ಅವನ ಕೆಲಸ. ವರ್ಷಗಟ್ಟಲೆ ಪ್ರೇಕ್ಷಕರು ಕಂಡದ್ದು ಅವನ ಹಿಂಭಾಗವನ್ನೇ ಪಾಪ. ಕೊನೆಯ ಪಂದ್ಯದಲ್ಲಿ ಅದೃಷ್ಟ ಖುಲಾಯಿಸಿತು. ಎದುರಾಳಿಯ ಕೈಜಾರಿದ ಚೆಂಡು ಇವನ ಕಾಲಬುಡಕ್ಕೇ ಬಂತು. ಬಾಚಿಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದ. ಮೈದಾನದ ಕೊನೆಯ ಗೆರೆ ದಾಟಿದೆನೆಂದು ಚೆಂಡು ಬಿಸುಟು, ಎರಡೂ ಕೈ ಎತ್ತಿ ಕುಣಿದ. ಚೆಂಡು ಹಿಡಿದೇ ಗೆರೆ ದಾಟಿದರಷ್ಟೇ ಅಂಕ. ಗೆರೆಗೆ ಇನ್ನೂ ಒಂದು ಹೆಜ್ಜೆ ಇತ್ತು. ಇವನು ಕುಣಿಯುತ್ತಿರುವಾಗಲೇ ಎದುರಾಳಿ ಚೆಂಡಿನ ಮೇಲೆ ಬಿದ್ದು ಅದನ್ನು ತನ್ನದಾಗಿಸಿಕೊಂಡ. ಪಂದ್ಯ ಹೋಯಿತು.

ಆ ನಾಚಿಕೆಗೆ ಎಮಿಲ್ ಎಷ್ಟೋ ವರ್ಷ ಹುಟ್ಟೂರು ಲಿಪಾಗೆ ಮುಖ ತೋರಿಸಲಿಲ್ಲ. ತಂಗಿಯ ಮದುವೆಗೂ ಬರಲಿಲ್ಲ. ಕೊನೆಗೆ ಅಲ್ಲಿನ ಶಾಲೆಯೇ ಕೆಲಸಕ್ಕೆ ಕರೆದಾಗ ಬೇರೆ ದಾರಿ ಇರಲಿಲ್ಲ.

ಶನಿವಾರ ಬೆಳಿಗ್ಗೆ ಆಗ್ನೆಸ್‌ಳ ಬೇಕರಿಯ ಉದ್ದ ಮೇಜಿನ ಸುತ್ತ ಹಿರಿಯರು ಸೇರುತ್ತಾರೆ. ಪ್ಲಮ್ ಹಣ್ಣು ತುಂಬಿದ ಕೊಲಾಚೆ ಬನ್ನು ಮೆಲ್ಲುತ್ತಾ ಹಿಂದಿನ ಸಂಜೆಯ ಪಂದ್ಯದ ಜನ್ಮ ಜಾಲಾಡುತ್ತಾರೆ. ಗೆಲ್ಲಲಿ, ಸೋಲಲಿ, ಕೋಚ್ ಆ ಮೇಜಿಗೆ ಹೋಗಲೇಬೇಕು. ಎಮಿಲ್ ಹೋದ ಮೊದಲ ದಿನ ದನದ ಮೇವು ಮಾರುವ ಲೂಡ್ವಿಕ್ ಅವನಿಗೆ ಕಾಫಿ ಲೋಟ ಕೊಡುತ್ತಾ, "ಮೇಜು ಮುಟ್ಟೋವರೆಗೂ ಕೈ ಬಿಡಬೇಡಪ್ಪಾ" ಎಂದ. ಎಲ್ಲರೂ ನಕ್ಕರು. ಎಮಿಲ್‌ಗೂ ನಗು ತಡೆಯಲಾಗಲಿಲ್ಲ. ಇಷ್ಟಕ್ಕೇ ಇಷ್ಟು ವರ್ಷ ತಲೆಮರೆಸಿಕೊಂಡಿದ್ದೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಅಂದಿನಿಂದ ಪ್ರತಿ ಶನಿವಾರವೂ ಅದೇ ಮಾತು, ಅದೇ ನಗು.

ಈ ವರ್ಷ, ಕೋಚ್ ಆಗಿ ಅವನ ಕೊನೆಯ ಪಂದ್ಯ. ಗೆದ್ದಿದ್ದರೆ ಲಿಪಾ ಮೊದಲ ಸಲ ರಾಜ್ಯಮಟ್ಟಕ್ಕೆ ಹೋಗುತ್ತಿತ್ತು. ರೂಬೆನ್ ಕೊಸ್ತಾಲ್ ಎಂಬ ದಢೂತಿ ಹುಡುಗ, ಎಮಿಲ್ ಆಡುತ್ತಿದ್ದ ಜಾಗದಲ್ಲೇ ಆಡುವವನು, ಬಿದ್ದ ಚೆಂಡು ಎತ್ತಿಕೊಂಡು ಓಡಿದ. ಗೆರೆಗೆ ಮೊದಲೇ ಚೆಂಡು ಬಿಟ್ಟು ಕುಣಿದ.

ಆಟ ಮುಗಿದ ಮೇಲೆ ಹುಡುಗ ಹೆಲ್ಮೆಟ್ ತೆಗೆಯದೆ ಮೂಲೆ ಹಿಡಿದು ಕೂತಿದ್ದ. "ಸೋಮವಾರ ಸ್ಕೂಲಿಗೆ ಬರಲ್ಲ ಕೋಚ್. ಒಮಾಹಾದಲ್ಲಿ ಚಿಕ್ಕಪ್ಪ ಇದಾರೆ, ಅಲ್ಲೇ ಇದ್ಬಿಡ್ತೀನಿ."

ಎಮಿಲ್ ಅವನ ಪಕ್ಕದಲ್ಲಿ ಕೂತ. ತಾನು ಕಳೆದುಕೊಂಡ ವರ್ಷಗಳೆಲ್ಲ ಆ ಹೆಲ್ಮೆಟ್‌ನೊಳಗೆ ಕೂತಿದ್ದವು. "ಹೋಗೋವಂತೆ. ನಾಳೆ ಬೆಳಿಗ್ಗೆ ನನ್ನ ಜೊತೆ ಬೇಕರಿಗೆ ಬಾ. ಕಾರು ನೀನೇ ಓಡಿಸು."

ಆ ಮೇಜಿಗೆ ಆಟಗಾರರು ಬಂದದ್ದೇ ಇಲ್ಲ. ರೂಬೆನ್‌ನನ್ನು ಕಂಡೊಡನೆ ಮಾತು ನಿಂತಿತು. ಲೂಡ್ವಿಕ್ ಗಂಟಲಿಗೆ ಬಂದದ್ದನ್ನು ನುಂಗಿಕೊಂಡ. "ಪಾಪ, ಹೋಗ್ಲಿ ಬಿಡು ಮಗಾ" ಎಂದಳು ಆಗ್ನೆಸ್. ಹುಡುಗನ ತಲೆ ಇನ್ನಷ್ಟು ತಗ್ಗಿತು. ಕನಿಕರ ಶುರುವಾಯಿತೆಂದರೆ ಇವನು ಊರು ಬಿಟ್ಟಂತೆಯೇ ಎಂದು ಎಮಿಲ್‌ಗೆ ಗೊತ್ತಿತ್ತು. ಮೇಜಿನಡಿ ಲೂಡ್ವಿಕ್‌ನ ಕಾಲಿಗೆ ಒದ್ದ.

"ಯಾಕೋ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ? ನನಗೆ ವರ್ಷಗಟ್ಟಲೆ ಹೇಳಿದೀಯ. ಇವನೇನು ನನಗಿಂತ ಕಮ್ಮಿ ಬಿಟ್ನಾ?"

ಲೂಡ್ವಿಕ್ ಕೆಮ್ಮಿ, ಲೋಟ ಎತ್ತಿ ಹುಡುಗನತ್ತ ಚಾಚಿದ. "ಹಿಡಿಯೋ. ಮೇಜು ಮುಟ್ಟೋವರೆಗೂ ಕೈ ಬಿಡಬೇಡಪ್ಪಾ."

ರೂಬೆನ್ ಎರಡೂ ಕೈಯಲ್ಲಿ ಲೋಟ ಹಿಡಿದು ಮೇಜಿನ ಮೇಲಿಟ್ಟ. ಆದರೆ ಕೈ ತೆಗೆಯಲಿಲ್ಲ. "ಈಗ ಬಿಡಬಹುದಾ ಕೋಚ್?" ಎಂದ.

ಮೇಜಿಗೆ ಮೇಜೇ ನಕ್ಕಿತು. ಹುಡುಗನೂ ಕಣ್ಣೊರೆಸಿಕೊಂಡು ನಕ್ಕ. ಎರಡನೇ ಕೊಲಾಚೆ ಮುಗಿಸಿ, "ಸೋಮವಾರದ ಲೆಕ್ಕ ಎಲ್ಲೀವರೆಗೆ ಬರ್ಕೊಂಡ್ ಬರಬೇಕು?" ಎಂದು ಕೇಳಿದ.

"ಕೊನೇ ಸಾಲಿನವರೆಗೂ" ಎಂದ ಎಮಿಲ್.

ಅಷ್ಟರಲ್ಲಿ ಲೂಡ್ವಿಕ್ ಅವನ ಲೋಟವನ್ನೂ ತಂದುಕೊಟ್ಟ, ಎಂದಿನ ಆ ಮಾತು ಹೇಳದೆ. ಎಮಿಲ್‌ಗೆ ಸ್ವಲ್ಪ ಬೇಜಾರೇ ಆಯಿತು.