ಕಾಕಾ ತಂದ ಬಸ್ಸು

ಕಾಕಾ ಅವರ ಎಡಗಾಲಿನ ಚಪ್ಪಲಿ ಎಂದೂ ಪೂರ್ತಿ ಕಾಲಲ್ಲಿ ಇರುತ್ತಿರಲಿಲ್ಲ. ಉಂಗುಷ್ಟಕ್ಕೆ ಹೆಬ್ಬೆರಳು ಸಿಕ್ಕಿಸಿ, ಹಿಮ್ಮಡ ಎತ್ತಿಕೊಂಡು, ಇದೀಗ ಹೊರಟೆ ಎನ್ನುವ ಹಾಗೆ ನಿಂತಿರುತ್ತಿದ್ದರು. ಆ ಹಿಮ್ಮಡವನ್ನು ಸಿಮೆಂಟು ತಿಂದು ಹಾಕಿತ್ತು. ಬಿರುಕುಗಳಲ್ಲಿ ಬೂದು ಬಣ್ಣ ಇಳಿದುಬಿಟ್ಟಿತ್ತು, ಕಲ್ಲು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ನಾನು ಯಾವಾಗಲೂ ನೆಲದ ಮೇಲೆ ಕೂತು ವೈರು ಬೆಸೆಯುವವನು. ಹಾಗಾಗಿ ಅವರು ಅಂಗಡಿಗೆ ಬಂದರೆ ಮುಖಕ್ಕಿಂತ ಮೊದಲು ನನಗೆ ಆ ಹಿಮ್ಮಡವೇ ಕಾಣುತ್ತಿತ್ತು.

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹಿಂದೆ ನನ್ನದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಲಗ್ನ, ಉರುಸು, ಪುರಾಣ, ಪ್ರಚಾರ, ಯಾವುದಕ್ಕೆ ಕರೆದರೂ ಹೋಗುತ್ತೇನೆ. ಎಲ್ಲ ಪಕ್ಷದವರ ದನಿಯೂ ನನ್ನ ವೈರಿನಲ್ಲಿ ಹಾದುಹೋಗಿದೆ. ಹೊಟ್ಟೆಪಾಡು, ಕಿವಿ ಮುಚ್ಚಿಕೊಂಡರೆ ನಡೆಯುವುದಿಲ್ಲ. ಕಾಕಾ ನಮ್ಮ ನೆರೆಮನೆಯವರು. ಅವರನ್ನು ಕಾಕಾ ಎಂದು ಕರೆಯುವುದನ್ನು ನನಗೆ ಕಲಿಸಿದ್ದು ನನ್ನ ತಂದೆ, ಅಬ್ಬಾ. ಅಬ್ಬಾ ಹೋದ ಮೇಲೆ ಆ ಮಾತಿಗೆ ಇನ್ನಷ್ಟು ತೂಕ ಬಂತು.

"ಕೂಡ್ರಿ ಕಾಕಾ" ಎಂದರೆ, "ಕೂತ್ರ ಕಾಲಿಗೆ ಬೇರು ಬಿಡ್ತಾವಪಾ" ಎನ್ನುತ್ತಿದ್ದರು. ಚಹಾ ನಿಂತೇ, ಪೇಪರು ನಿಂತೇ. ಮನೆಯಲ್ಲಿ ಕಾಕಿ ರೊಟ್ಟಿಯ ತಾಟು ಹಿಡಿದು ಪಡಸಾಲೆ ತುಂಬ ಇವರ ಬೆನ್ನು ಹತ್ತಬೇಕಿತ್ತು. "ಲಗ್ನದಾಗ ಅಕ್ಕಿಕಾಳು ಬೀಳೂತನಕ ಹ್ಯಾಂಗ ಕೂತಿದ್ರೋ ಆ ಶಿವನ ಬಲ್ಲ" ಎಂದು ಆಕೆ ನಗುತ್ತಿದ್ದಳು. ಅವರ ಜೊತೆ ಮಾತಾಡಿ ಮುಗಿಸುವಷ್ಟರಲ್ಲಿ ನಮಗೇ ಕಾಲು ತುರಿಸಿದ ಹಾಗಾಗುತ್ತಿತ್ತು.

ಮೂವತ್ತು ವರ್ಷದ ಮೇಲಾಯಿತು ಅವರು ಗೋವಾಕ್ಕೆ ಕೂಲಿಗಳನ್ನು ಒಯ್ಯಲು ಶುರು ಮಾಡಿ. ಅವರು ಮೇಸ್ತ್ರಿ. ನಮ್ಮ ಓಣಿ, ಸೂಡಿ, ರೋಣದ ಆಸುಪಾಸಿನ ಊರುಗಳು, ಎಲ್ಲಿಂದಲೂ ಗೋಡೆ ಕಟ್ಟುವ ಗೌಂಡಿಗಳನ್ನು, ಬುಟ್ಟಿ ಹೊರುವ ಹೆಂಗಸರನ್ನು ಕೂಡಿಸಿ ಕರೆದೊಯ್ದು ಅಲ್ಲಿ ಕಟ್ಟಡದ ಕೆಲಸಕ್ಕೆ ಹಚ್ಚುತ್ತಿದ್ದರು. ಅಲ್ಲಿ ತಗಡಿನ ಶೆಡ್ಡುಗಳ ಸಾಲಿನಲ್ಲಿ ಮುಂಜಾನೆ ಅವರದೇ ಮೊದಲ ಕೂಗು: "ಏಳ್ರೋ, ಗಾಡಿ ಬಂತು!" ಗಾಡಿ ಬಂದಿರಲಿ ಬಿಡಲಿ, ಕೂಗು ತಪ್ಪುತ್ತಿರಲಿಲ್ಲ. ಊರಿಗೆ ಬಂದಾಗಲೂ ಅಷ್ಟೇ. ಯಾರಾದರೂ ಕಟ್ಟೆಯ ಮೇಲೆ ಸೋಮಾರಿಯಾಗಿ ಕೂತದ್ದು ಕಂಡರೆ ಸಾಕು, "ಏಳೋ, ಗಾಡಿ ಬಂತು" ಎಂದು ಭುಜ ತಟ್ಟಿ ಮುಂದೆ ಹೋಗುವರು.

ಅವರಿಗೆ ಇನ್ನೊಂದು ಹುಚ್ಚು, ಒಂದು ಪಕ್ಷದ್ದು. ನಮ್ಮ ಊರಲ್ಲಿ ಆ ಪಕ್ಷ ಬಡಕಲಾಗಿದ್ದ ಕಾಲದಿಂದಲೂ ಸಭೆಗೆ ಜಮಖಾನೆ ಹಾಸುವವರು ಇವರೇ, ಬಾವುಟ ಕಟ್ಟುವವರು ಇವರೇ. ಆಗ ಸಭೆಗೆ ಜನಕ್ಕಿಂತ ಕುರ್ಚಿ ಹೆಚ್ಚು. ಭಾಷಣ ಮಾಡುವವರಿಗೇ ನಾಚಿಕೆಯಾಗಿ ಲಗೂ ಮುಗಿಸುತ್ತಿದ್ದರು. ಕಾಕಾ ಮಾತ್ರ ಒಬ್ಬರೇ ಹತ್ತು ಮಂದಿಯ ಚಪ್ಪಾಳೆ ಹೊಡೆಯುತ್ತಿದ್ದರು.

ಆಮೇಲೆ ಬಂತು 'ಹೊರಗಿನವರ' ಮಾತು. ಸಂಜೆಯಾದರೆ ಟಿವಿಯಲ್ಲಿ ಅದೇ ಜಗಳ: ಗಡಿ ದಾಟಿ ಬಂದವರು ಯಾರು, ಯಾರ ಕಾಗದ ಖರೇ, ಯಾರದು ಸುಳ್ಳು, ಯಾರನ್ನು ಹೊರಗಟ್ಟಬೇಕು. ನಮ್ಮ ಊರಿಗೆ ಹೊರಗಿನಿಂದ ಬಂದವರು ಅಂದರೆ ಟೈಲ್ಸ್ ಕೂರಿಸುವ ಬಂಗಾಲದ ಕೆಲವು ಹುಡುಗರು, ಹೋಟೆಲುಗಳಲ್ಲಿ ಒಲೆಯ ಮುಂದೆ ನಿಲ್ಲುವ ಬಿಹಾರದವರು, ಇಷ್ಟೇ. ಆದರೆ ಪಕ್ಷಕ್ಕೆ ಹೊಸದಾಗಿ ಬಂದ ತರುಣ ಅಧ್ಯಕ್ಷರು ಚುರುಕು. ಟಿವಿಯ ಬೆಂಕಿಯಿಂದ ಒಂದು ಕೊಳ್ಳಿ ತಂದು ನಮ್ಮ ಪೇಟೆಯಲ್ಲಿ ಇಟ್ಟರು. ಮೊದಲ ಸಭೆಯಲ್ಲೇ ಜನ ಕಿಕ್ಕಿರಿದರು. ಚಪ್ಪಾಳೆಗೆ ನನ್ನ ಹಾರ್ನುಗಳೇ ಕಂಗಾಲಾದವು.

ಆ ಸಭೆಯಲ್ಲಿ "ಹೊರಗಿನವರು" ಎಂಬ ಮಾತು ಬಂದಾಗಲೆಲ್ಲ ಮುಂದಿನ ಸಾಲಿನ ಒಂದಿಬ್ಬರು ವೇದಿಕೆಯ ಬದಿಯಲ್ಲಿ ಕೂತಿದ್ದ ನನ್ನ ಕಡೆ ತಿರುಗಿ ನೋಡಿದರು. ನನ್ನ ಅಜ್ಜ ಇದೇ ಊರಿನ ಹಂಡೆ ತಪ್ಪೇಲಿಗಳಿಗೆ ಕಲಾಯಿ ಹಾಕಿದವನು. ಹೀಗೆ ನೋಡಿದವರ ಮನೆಯ ಪಾತ್ರೆಗೂ ಹಾಕಿರಬೇಕು. ನನಗೆ ಮೈ ಉರಿದುಹೋಯಿತು. ಕಾಕಾ ಅದನ್ನು ಕಂಡರು. ಬಂದು ಅವರಿಗೂ ನನಗೂ ನಡುವೆ ಅಡ್ಡ ನಿಂತು, "ಏ, ಮುಂದ ನೋಡ್ರೆಪಾ" ಎಂದು ಗದರಿದರು.

ಸಭೆ ಮುಗಿದ ಮೇಲೆ ವೈರು ಸುತ್ತುವಾಗ ನನ್ನ ಹತ್ತಿರ ಬಂದರು. ಮುಖ ಅರಳಿತ್ತು.

"ಕೇಳಿದೇನೋ ಚಪ್ಪಾಳಿ! ಜಲ್ಮದಾಗ ನಮ್ಮ ಸಭಾಕ್ಕ ಇಷ್ಟ ಬಿದ್ದಿದ್ದಿಲ್ಲ."

"ಕೇಳಿದ್ನಿರಿ. ನನ್ನ ಕಡೆ ನೋಡಿದ್ದನ್ನೂ ನೋಡಿದ್ನಿ."

"ಅದು ನಿನಗ ಅಲ್ಲೋ ತಮ್ಮಾ."

"ಮತ್ತ ಯಾರಿಗ್ರಿ?"

ಅವರು ಚಪ್ಪಲಿ ಎಳೆದುಕೊಂಡು ಹೊರಟುಹೋದರು.

ಪುರಸಭೆ ಚುನಾವಣೆ ಬಂತು. ನಮ್ಮ ವಾರ್ಡು ಹೆಣ್ಣುಮಕ್ಕಳಿಗೆ ಮೀಸಲಾಯಿತು. ಪಕ್ಷದವರು ಕಾಕಾ ಅವರ ಸೊಸೆಗೆ ಟಿಕೆಟ್ ಕೊಟ್ಟರು. ಮನೆಯಲ್ಲಿ ಮಗ್ಗ ನಡೆಸುವ, ಓಣಿಯವರ ಕಷ್ಟಕ್ಕೆ ಎದ್ದು ಓಡುವ ಹೆಣ್ಣುಮಗಳು, ಆಕೆ ತಕ್ಕವಳೇ. ಆದರೆ ಟಿಕೆಟ್ ಬಂದದ್ದು ಅದಕ್ಕಲ್ಲ. ನಮ್ಮ ವಾರ್ಡಿನ ಅರ್ಧ ಜನ ಗೋವಾದಲ್ಲಿ ಇರುತ್ತಾರೆ. ಮತದಾನದ ಹೊತ್ತಿಗೆ ಅವರನ್ನು ಬಸ್ಸಿನಲ್ಲಿ ಕರೆತರುವುದು ಎಲ್ಲ ಪಕ್ಷಗಳ ರೂಢಿ. ಯಾರು ಬಸ್ಸು ತುಂಬಿ ತರುತ್ತಾರೋ ವಾರ್ಡು ಅವರದು. ತರುವ ತಾಕತ್ತು ಇದ್ದದ್ದು ಕಾಕಾ ಒಬ್ಬರಿಗೇ. ಜೀವನವಿಡೀ ಜಮಖಾನೆ ಹಾಸಿದವರ ಮನೆಗೆ ಮೊದಲ ಸಲ ಏನೋ ಬರುವುದಿತ್ತು. ಕಾಕಿ ನೆರೆಹೊರೆಗೆ ಹಂಚಲು ಆಗಲೇ ಕರದಂಟಿನ ಮಾತು ತೆಗೆದಿದ್ದಳು.

ನಾನೂ ಬಸ್ಸಿನ ಜೊತೆ ಹೋದೆ. ಅಧ್ಯಕ್ಷರು ಬಸ್ಸಿನೊಳಗೆ ಮೈಕ್ ಕಟ್ಟಿಸಿ, ತಮ್ಮ ಭಾಷಣದ ಪೆನ್‌ಡ್ರೈವ್ ಕೊಟ್ಟು, "ದಾರಿ ತುಂಬ ಇದನ್ನ ಹಾಕು. ಊರು ಮುಟ್ಟೂದರಾಗ ಎಲ್ಲಾರ ಬಾಯಾಗ ಇದ ಮಾತು ಇರಬೇಕು" ಎಂದಿದ್ದರು.

ಮಡಗಾಂವಿನ ಹೊರವಲಯದಲ್ಲಿ ಬೆಳಿಗ್ಗೆ ಜನ ಹತ್ತಿದರು. ಗಂಟುಮೂಟೆ, ಕೂಸುಗಳು, ಊರಲ್ಲಿ ತಾಯಿಗೆ ಕೊಡಲು ಒಯ್ಯುತ್ತಿದ್ದ ಗೋಡಂಬಿ ಪೊಟ್ಟಣಗಳು. ಕಾಕಾ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಹೆಸರು ಹಿಡಿದು ಒಳಗೆ ತಳ್ಳಿದರು. "ಏಳ್ರಿ, ಗಾಡಿ ಬಂತು" ಎಂದು ಎಂದಿನ ಕೂಗು ಹಾಕಿದಾಗ ಬಸ್ಸೆಲ್ಲ ನಕ್ಕಿತು. ಘಟ್ಟ ಹತ್ತುವ ತನಕ ನಾನು ಹಾಡು ಹಾಕಿದೆ. ಘಟ್ಟ ಮುಗಿದು ಬಯಲು ಕಂಡ ಕೂಡಲೇ ಕಾಕಾ, "ಹಾಕಪಾ ಇನ್ನ ಭಾಷಣ" ಎಂದರು.

ಅಧ್ಯಕ್ಷರ ದನಿ ಬಸ್ಸು ತುಂಬಿತು. "ಅವರು ಬರುತ್ತಾರೆ. ಬಂದು ತಗಡಿನ ಶೆಡ್ ಹಾಕುತ್ತಾರೆ. ಕಡಿಮೆ ಕೂಲಿಗೆ ದುಡಿದು ನಮ್ಮ ಮಕ್ಕಳ ಕೆಲಸ ಕಸಿಯುತ್ತಾರೆ. ನಮ್ಮ ಭಾಷೆ ಬರುವುದಿಲ್ಲ, ನಮ್ಮ ರೀತಿ ಗೊತ್ತಿಲ್ಲ. ಇವರ ಕಾಗದಪತ್ರ ತೆಗೆಸಿ ನೋಡಬೇಕು. ಬಂದ ದಾರಿಗೇ ಅಟ್ಟಬೇಕು!" ಪೆನ್‌ಡ್ರೈವಿನೊಳಗಿನ ಜನ ಚಪ್ಪಾಳೆ ಹೊಡೆದರು. ಬಸ್ಸಿನೊಳಗೆ ಒಂದು ಕೈಯೂ ಏಳಲಿಲ್ಲ.

ನಡುವಿನ ಸೀಟಿನಲ್ಲಿ, ಲಗ್ನವಾಗಿ ನಮ್ಮ ಓಣಿಗೆ ಬಂದಿದ್ದ ಸೂಡಿಯ ಒಬ್ಬ ಹೆಣ್ಣುಮಗಳು ಕೂತಿದ್ದಳು. ಗೌಂಡಿಗಳ ಕೈಕೆಳಗೆ ಬುಟ್ಟಿ ಹೊರುವವಳು. ಆಕೆ ನಿಜಕ್ಕೂ ತಿಳಿಯದೆ ಕೇಳಿದಳು: "ಕಾಕಾ, ಇದು ಗೋವಾದವರ ಭಾಷಣ ಅಲ್ಲೇನ್ರಿ? ಕನ್ನಡದಾಗ ಹ್ಯಾಂಗ ಮಾಡ್ಯಾರ?"

ಹಿಂದೆ ಯಾರೋ ನಗಲು ಹೋಗಿ ತಡೆದುಕೊಂಡರು.

"ಇಲ್ಲ ಯವ್ವಾ, ಇದು ನಮ್ಮ ಪಕ್ಷದ್ದು" ಎಂದರು ಕಾಕಾ. "ಅದು ನಿಮಗ ಅಲ್ಲ."

"ಹೋದ ತಿಂಗಳ ನಮ್ಮ ಶೆಡ್ಡಿನ ಮುಂದನೂ ಹಿಂಗ ಮೈಕ್ ಹಚ್ಚಿದ್ರಿ ಅವರ ಪಕ್ಷದವರು. ತಗಡಿನ ಶೆಡ್ ಅಂದ್ರು, ಕೂಲಿ ಕೆಡಸ್ತಾರ ಅಂದ್ರು, ಕಾಗದಾ ತೋರಸ್ರಿ ಅಂದ್ರು. ಘಾಟಿಗೋಳನ್ನ ತಿರುಗಿ ಘಟ್ಟಾ ಹತ್ತಸ್ರಿ ಅಂದ್ರು. ಘಾಟಿ ಅಂದ್ರ ನಾವರಿ, ಘಟ್ಟದ ಮ್ಯಾಲಿನವರು. ನಮ್ಮ ಮಾಲಕನೂ ಹಿಂಗ, 'ಅದು ನಿಮಗಲ್ಲ' ಅಂದ. ಮರುದಿನ ನನ್ನ ತಂಗೀಗೆ ಕೆಲಸಕ್ಕ ಬರಬ್ಯಾಡ ಅಂದ."

ಕಾಕಾ ಮುಂದೆ ಬಂದು ಪೆನ್‌ಡ್ರೈವನ್ನು ತಾವೇ ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡರು. ಆಮೇಲೆ ನರಗುಂದ ಬರುವ ತನಕ ಬಾಗಿಲಿಂದ ಹಿಂದಿನ ಸೀಟಿಗೆ, ಹಿಂದಿನ ಸೀಟಿಂದ ಬಾಗಿಲಿಗೆ ಅಡ್ಡಾಡಿದರು. "ಒಂದ ಕಡೆ ನಿಂದ್ರರಿ ಮಾರಾಯ್ರ" ಎಂದು ಡ್ರೈವರ್ ಬೈದ.

ನರಗುಂದದಲ್ಲಿ ಚಹಾಕ್ಕೆ ಇಳಿದೆವು. ಗುಡ್ಡ ಎದುರಿಗೇ ಇತ್ತು. ಹೋಟೆಲಿನಲ್ಲಿ ಮಿರ್ಚಿ ಕರಿಯುತ್ತಿದ್ದವನು ಬಿಹಾರದವನು. ಗೋವಾದಲ್ಲಿ ಕಲಿತ ಹಿಂದಿಯಲ್ಲಿ ನಮ್ಮ ಜನ ಅವನನ್ನು ಮುತ್ತಿಕೊಂಡರು. ಊರು ಬಿಟ್ಟು ಎಷ್ಟು ದಿನವಾಯಿತು, ಮಕ್ಕಳೆಷ್ಟು, ಮಾಲಕ ಊಟಕ್ಕೆ ಏನು ಕೊಡುತ್ತಾನೆ, ಇದೇ ಮಾತು. ಸೂಡಿಯ ಹೆಣ್ಣುಮಗಳು ಅವನನ್ನು ಮೇಲಿಂದ ಕೆಳಗೆ ನೋಡಿ, "ಖಾನಾ ಬರಾಬರ್ ಖಾನೇಕಾ, ಪೂರಾ ಕಡ್ಡಿ ಹೋಗಯಾ" ಎಂದು, ಸರಿಯಾಗಿ ಉಣ್ಣದ್ದಕ್ಕೆ ಗದರಿದಳು. ಅವನು ನಕ್ಕು ಆಕೆಯ ಕೂಸಿನ ಕೈಗೆ ಒಂದು ಭಜಿ ಇಟ್ಟ.

ನಾನು ಕಾಕಾ ಅವರಿಗೆ ಚಹಾ ಒಯ್ದೆ. ಅವರು ಹೋಟೆಲಿನ ಮುಂದಿನ ಕಲ್ಲುಬೆಂಚಿನ ಮೇಲೆ ಕೂತಿದ್ದರು. ಎರಡೂ ಚಪ್ಪಲಿ ಕಾಲಲ್ಲಿದ್ದವು, ಎರಡೂ ಹಿಮ್ಮಡ ನೆಲಕ್ಕೆ ಹತ್ತಿದ್ದವು.

"ಆರಾಮ ಇಲ್ಲೇನ್ರಿ ಕಾಕಾ?"

"ಇವರನ್ನೆಲ್ಲಾ ಹೊರಗಿನವರನ್ನ ಮಾಡಿದಾಂವ ನಾನ ಅಲ್ಲೇನೋ? ಒಬ್ಬೊಬ್ಬರನ್ನೂ ಕೈ ಹಿಡದು ಗಾಡಿ ಹತ್ತಿಸಿದಾಂವ ನಾನ." ಚಹಾ ಮುಟ್ಟಲಿಲ್ಲ. "ಆ ಚಪ್ಪಾಳಿ ನನಗೂ ಸಿಹಿ ಹತ್ತಿತ್ತು ನೋಡು."

ಕೂತಲ್ಲಿಂದಲೇ ಅಧ್ಯಕ್ಷರಿಗೆ ಫೋನು ಹಚ್ಚಿದರು. ಈ ಮಾತು ಬಿಡಿರಿ, ನಮ್ಮ ಮಂದಿಗೇ ನಾಟುತ್ತದೆ ಎಂದರು. ಆ ಕಡೆಯ ದನಿ ನನಗೂ ಕೇಳಿಸುತ್ತಿತ್ತು. "ಕಾಕಾ, ಪ್ಯಾಟ್ಯಾಗ ಮಂದಿ ಹುಚ್ಚೆದ್ದ ನಿಂತೈತಿ ಈ ಮಾತಿಗೆ. ಇದನ್ನ ಬಿಟ್ರ ನಮ್ಮ ಹಂತ್ಯಾಕ ಏನೈತ್ರಿ? ನೀವು ಜನಾ ತರ್ರಿ, ಸಾಕು."

ರೋಣ ದಾಟಿದ ಮೇಲೆ ಕಾಕಾ ನನ್ನ ಕೈಯಿಂದ ಮೈಕ್ ಇಸಿದುಕೊಂಡರು. ಸಭೆಗಳಲ್ಲಿ ಇಷ್ಟು ವರ್ಷ ಮೈಕಿನ ಮುಂದೆ ಜಮಖಾನೆ ಹಾಸಿದವರು, ಒಮ್ಮೆಯೂ ಮೈಕ್ ಹಿಡಿದವರಲ್ಲ. ಬಾಯಿಗೆ ತೀರಾ ಹತ್ತಿರ ಹಿಡಿದರು. ನಾನು ಸ್ವಲ್ಪ ದೂರ ಸರಿಸಿ ದನಿ ಸರಿಮಾಡಿದೆ.

"ನಾ ಹೇಳೂದು ಕೇಳ್ರಿ. ನನ್ನ ಸೊಸಿ ನಿಂತಾಳ. ಚಲೋ ಹೆಣ್ಣಮಗಳು, ಅದು ಖರೇ. ಆದ್ರ ಆಕಿ ನಿಂತ ಪಕ್ಷ ಏನ ಮಾತಾಡಾಕತ್ತೈತಿ, ಅದನ್ನೂ ನೀವು ಕೇಳೀರಿ. ಕಾಕಾ ಕರಕೊಂಡ ಬಂದಾನಂತ ನನ್ನ ಮಾರಿ ನೋಡಿ ಹಾಕಬ್ಯಾಡ್ರಿ. ನಿಮ್ಮ ಮನಸಿಗೆ ಬಂದವರಿಗೆ ಹಾಕ್ರಿ. ಯಾರಿಗೆ ಹಾಕಿದ್ರೂ ತಿರುಗಿ ಹೋಗಾಕ ಗಾಡಿ ನಿಂತಿರತೈತಿ. ಅದು ನನ್ನ ಮಾತು."

ಪೇಟೆಯ ವಾರ್ಡುಗಳಲ್ಲಿ ಪಕ್ಷ ಹಿಂದೆಂದೂ ಗೆಲ್ಲದ ಹಾಗೆ ಗೆದ್ದಿತು. ಗೋವಾ, ಮಂಗಳೂರಿಗೆ ದುಡಿಯಲು ಹೋಗುವವರ ಓಣಿಗಳಲ್ಲಿ ನೆಲ ಕಚ್ಚಿತು. ನಮ್ಮ ವಾರ್ಡು ಹೋದದ್ದು ಒಂದು ಬಸ್ಸಿನ ಜನಕ್ಕಿಂತ ಕಡಿಮೆ ಅಂತರದಲ್ಲಿ. ಅಷ್ಟರಿಂದಲೇ ಪುರಸಭೆಯೂ ಕೈತಪ್ಪಿತು. ಅಧ್ಯಕ್ಷರು ಬಸ್‌ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ, "ಉಂಡ ಮನಿ ಜಂತಿ ಎಣಿಸಿದ ಮುದುಕ" ಎಂದರು. ಫಲಿತಾಂಶ ನೋಡಿ ಹೋಗಲು ಉಳಿದಿದ್ದ ಗೋವಾದ ಜನರನ್ನು ಬಿಟ್ಟು, ಕೊಟ್ಟ ಬಸ್ಸನ್ನು ಅಲ್ಲಿಂದಲೇ ಖಾಲಿ ವಾಪಸು ಕಳಿಸಿದರು. ಕಾಕಾ ಬಿಸಿಲಲ್ಲಿ ಬುಗುರಿಯ ಹಾಗೆ ತಿರುಗಿ, ಡ್ರೈವರುಗಳ ಗದ್ದ ಹಿಡಿದು, ಕ್ರೂಸರ್ ಜೀಪುಗಳನ್ನು ಹೊಂದಿಸಿ, ಒಬ್ಬರನ್ನೂ ಬಿಡದೆ ಹತ್ತಿಸಿ, ಕೊನೆಯ ಗಾಡಿಯಲ್ಲಿ ತಾವೂ ಹೋದರು.

ಅವರನ್ನು ದೇವರೆಂದು ನಾನು ಹೇಳುವುದಿಲ್ಲ. ಸೊಸೆ ಎಷ್ಟೋ ದಿನ ಅವರ ಜೊತೆ ಮಾತಾಡಲಿಲ್ಲ. ಗೋಡೆಯಾಚೆ ಮಗ್ಗದ ಸಪ್ಪಳ ಬಿರುಸಾಗಿ ಕೇಳುತ್ತಿತ್ತು. ಕಡೆಗೊಂದು ದಿನ ಆಕೆ, "ಮಾವಾರ, ದಾರ್ಯಾಗಿಂದ ಅಧ್ಯಕ್ಷಗ ಫೋನ್ ಮಾಡಿದ್ರಿ. ನಿಂತಾಕಿ ನಾನು, ನನಗೊಂದ ಮಾಡಬೇಕಿತ್ತು. ಆ ಮಾತು ನಾನೂ ಒಲ್ಲೆ ಅಂತಿದ್ನಿ" ಎಂದಳು. ಕಾಕಾ ತಲೆ ಕೆಳಗೆ ಹಾಕಿದರು. ಆಕೆಯ ಮಾತು ನ್ಯಾಯದ್ದು. ನನಗೆ ಈಗಲೂ ಅದು ಚುಚ್ಚುತ್ತದೆ.

ಆಮೇಲೆ ಅವರು ಜಮಖಾನೆ ಮುಟ್ಟಲಿಲ್ಲ. ಸಂಜೆ ನನ್ನ ಅಂಗಡಿಯ ಬಾಗಿಲಲ್ಲಿ ನಿಲ್ಲುವರು. ಟಿವಿಯಲ್ಲಿ ಅದೇ ಜಗಳ ಬಂದರೆ, "ಬಂದ ಮಾಡೋ ಅದನ್ನ" ಎನ್ನುವರು. ಬಂದ್ ಮಾಡಿದರೆ, "ಹಚ್ಚು, ಏನಂತಾರ ಕೇಳೋಣು" ಎನ್ನುವರು. ಅವರಿಗೂ ಸಮಾಧಾನವಿಲ್ಲ, ನನಗೂ ಇಲ್ಲ. ಆದರೆ ಬಸ್ಸಿನ ಆ ದಿನದಿಂದ ನಾನು ಒಂದು ರೂಢಿ ಹಾಕಿಕೊಂಡೆ: ಭಾಷಣದ ಪೆನ್‌ಡ್ರೈವ್ ಯಾರೇ ಕೊಡಲಿ, ಮೊದಲು ಒಬ್ಬನೇ ಕೂತು ಕೇಳುತ್ತೇನೆ. ಕೆಲವನ್ನು ತಿರುಗಿ ಕೊಟ್ಟಿದ್ದೇನೆ. ಬಾಡಿಗೆ ಹೋಗಿದೆ, ಹೋಗಲಿ. ಇದು ಕಾಕಾ ಅವರ ಋಣ.

ಹೋದ ಮಳೆಗಾಲದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಗೋವಾದ ಬಸ್ಸಿಗೆ ಯಾರನ್ನೋ ಹತ್ತಿಸುತ್ತ ನಿಂತಲ್ಲೇ ಕುಸಿದರು. ದವಾಖಾನೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುತ್ತೇವೆ. ಅವರಲ್ಲಿ ಕೂರಿಸುತ್ತಾರೆ. ಹಣೆಗೆ ವಿಭೂತಿ ಹಚ್ಚಿ, ಮಾಲೆ ಹಾಕಿ, ಪಡಸಾಲೆಯ ಗೋಡೆಗೆ ಆನಿಸಿ ಕಾಕಾ ಅವರನ್ನು ಕೂರಿಸಿದ್ದರು. ಮಡಚಿದ ಕಾಲಿನ ಕೆಳಗಿಂದ ಆ ಬೂದು ಹಿಮ್ಮಡ ಕಾಣುತ್ತಿತ್ತು. ನಾನು ಭಜನೆಗೆ ಮೈಕ್ ಹಚ್ಚಿದವನು ಆ ಕಡೆ ನೋಡಲಾರದೆ ವೈರು ನೋಡುತ್ತಿದ್ದೆ. ಅಧ್ಯಕ್ಷರು ಹಾರ ತಂದು ಹಾಕಿ ಹೋದರು. ಮಧ್ಯಾಹ್ನವಾಯಿತು. ಹೊತ್ತಾಯಿತು, ಇನ್ನು ಎತ್ತೋಣ ಎಂದರು ಹಿರಿಯರು.

"ಗೋವಾದ ಗಾಡಿ ಬರಲಿ" ಎಂದಳು ಸೊಸೆ.

ಯಾರೂ ಕಳಿಸದ ಗಾಡಿಗಳು. ಅಲ್ಲಿ ದುಡಿಯುವವರೇ ಬಾಡಿಗೆಗೆ ಮಾಡಿಕೊಂಡು ಬಂದಿದ್ದರು, ಒಂದರ ಹಿಂದೆ ಒಂದು, ಓಣಿ ಹಿಡಿಸದಷ್ಟು. ಸೂಡಿಯ ಹೆಣ್ಣುಮಗಳು ಎಲ್ಲರಿಗಿಂತ ಮುಂದೆ ಓಡಿ ಬಂದಳು. ಕಾಕಾ ಅವರ ಮುಂದೆ ಕುಕ್ಕರಿಸಿ, ಆ ಹಿಮ್ಮಡ ಹಿಡಿದು ಅಲುಗಾಡಿಸಿದಳು.

"ಏಳ್ರಿ ಕಾಕಾ, ಗಾಡಿ ಬಂತು. ಏಳ್ರಿ."

ಕಾಕಾ ಕೂತೇ ಇದ್ದರು.