ನಗುತ್ತಾ ಬಾಗಿಲು ತೆರೆದಳು

ಆ ಕೊಲೆಯ ಬಗ್ಗೆ ನಾನು ಬರೆದ ಪುಸ್ತಕದ ಮೊದಲ ವಾಕ್ಯ ಇದು: ‘ಅವಳು ನಗುತ್ತಾ ಬಾಗಿಲು ತೆರೆದಳು.’ ಅದನ್ನು ನಾನು ಕಂಡಿರಲಿಲ್ಲ, ನನಗೆ ಯಾರೂ ಹೇಳಿರಲೂ ಇಲ್ಲ. ಗಂಗಾವತಿಯ ನನ್ನ ಬಾಡಿಗೆ ಕೋಣೆಯಲ್ಲಿ ಚಹಾ ಕುಡಿಯುತ್ತಾ ಬರೆದದ್ದು.

ಸತ್ತವಳು ಕಾರಟಗಿ ಕಡೆಯ ಒಂದು ಹಳ್ಳಿಯಲ್ಲಿ ಬ್ಲೌಸು ಹೊಲಿಯುತ್ತಿದ್ದ, ಮದುವೆಯಾಗದ ಹುಡುಗಿ. ಕೊಂದವನು ಅದೇ ಊರಿನ ದೊಡ್ಡ ಮನೆತನದವನು. ಅವಳ ಬೆನ್ನು ಹತ್ತಿದ್ದ, ಅವಳು ಒಲ್ಲೆ ಅಂದಿದ್ದಳು. ಮಟಮಟ ಮಧ್ಯಾಹ್ನ ಮನೆಗೆ ನುಗ್ಗಿ ಕೊಂದ. ದೊಡ್ಡ ಮನೆತನದ ಸುದ್ದಿಯೆಂದು ಟಿವಿಯವರ ವ್ಯಾನುಗಳು ಭತ್ತದ ಗದ್ದೆಯವರೆಗೂ ಬಂದು ನಿಂತವು. ನಾನು ಪತ್ರಿಕೆಯ ವರದಿಗಾರ. ವಾರವಾರ ಬರೆದೆ, ಅವನಿಗೆ ಶಿಕ್ಷೆಯಾದ ಮೇಲೆ ಪುಸ್ತಕ ಮಾಡಿದೆ. ಶವ ನೋಡಿದಾಗಲೂ ನನಗೆ ಏನೂ ಅನ್ನಿಸಿರಲಿಲ್ಲ. ಎಷ್ಟು ಬರೆಯಬಹುದು ಎಂದಷ್ಟೇ ಯೋಚಿಸಿದ್ದೆ. ನಾಚಿಕೆಯಾಗಬೇಕಿತ್ತು, ಅದೂ ಆಗಲಿಲ್ಲ.

ಪುಸ್ತಕ ಬಂದ ಕೆಲವು ತಿಂಗಳಿಗೆ ಅವಳ ತಾಯಿ ನನ್ನ ಕಚೇರಿಗೆ ಬಂದರು. ಕಿರಿಮಗಳಿಂದ ಓದಿಸಿ ಕೇಳಿದ್ದರಂತೆ. ಬೈಯಲು ಬಂದಿದ್ದಾರೆ ಅಂದುಕೊಂಡೆ. ಕುರ್ಚಿ ಕೊಟ್ಟರೂ ಕೂರಲಿಲ್ಲ.

“ಅಕಿ ನಕ್ಕಿದ್ದು ಯಾರು ನೋಡ್ಯಾರ್ರಿ ಸಾಹೇಬ್ರ?”

ನಾನು ಮತ್ತೆ ಕುರ್ಚಿ ತೋರಿಸಿದೆ.

“ಹೋಗ್ಲಿ ಬಿಡ್ರಿ. ಹಗಲೊತ್ತು ನಮ್ಮನಿ ಬಾಗಲಾ ಯಾವಾಗ ಹಾಕೀವಿ, ಅಕಿ ತಗಿಯಾಕ? ಬ್ಲೌಜು ಹೊಲಿಸಾಕ ಹೆಣ್ಮಕ್ಳು ಬರೂದು ಹೋಗೂದು ಇರ್ತಿತ್ತು. ಬಾಗಲಾ ತೆರದಾ ಇತ್ರಿ. ಅಂವಾ ಸೀದಾ ಒಳಗ ಬಂದಾನ.”

ಕುಷ್ಟಗಿಯ ಹತ್ತಿರ ಇಂಥದೇ ಮನೆಯಲ್ಲಿ ಬೆಳೆದವನು ನಾನು. ಬೆಳಗ್ಗೆ ಅಂಗಳಕ್ಕೆ ನೀರು ಹಾಕುವಾಗ ತೆರೆದ ಬಾಗಿಲನ್ನು ಅವ್ವ ಮುಚ್ಚುತ್ತಿದ್ದುದು ರಾತ್ರಿ ಊಟವಾದ ಮೇಲೆಯೇ. ಹಗಲು ಬಾಗಿಲು ಹಾಕಿದ ಮನೆ ಕಂಡರೆ ನಮ್ಮ ಕಡೆ ಎರಡೇ ಅರ್ಥ: ಒಂದು, ಮನೆಯವರು ಊರಿಗೆ ಹೋಗಿದ್ದಾರೆ, ಇನ್ನೊಂದನ್ನು ಜನ ಬಾಯಿಗೆ ಸೆರಗು ಹಿಡಿದು ಹೇಳುತ್ತಾರೆ. ಇಷ್ಟು ಗೊತ್ತಿದ್ದೂ ಆ ವಾಕ್ಯ ಬರೆದಿದ್ದೆ. ಚೆನ್ನಾಗಿ ಕೇಳಿಸಿತ್ತು, ಅಷ್ಟೇ.

“ಹಾಕಿದ ಬಾಗಲಾ ನಕ್ಕೊಂತ ತಗದ್ಲು ಅಂದ್ರ ಮಂದಿ ಏನಂತಾರ್ರಿ? ಸಣ್ಣಾಕಿಗೆ ಸಂಬಂಧ ಕೂಡಿತ್ತು. ಬೀಗರು ಅದನ್ನ ಓದಿ ಒಲ್ಲೆ ಅಂದ್ರು. ಇನ್ನೊಂದು ಕಡಿಯವರು ನೋಡಾಕ ಬರ್ತೀವಿ ಅಂದಾರ. ಅಷ್ಟರಾಗ ತಿದ್ದಿ ಬರೀರಿ. ಬಾಗಲಾ ತೆರದಿತ್ತು ಅಂತ ಒಂದಾ ಮಾತು, ಭಾಳ ಏನಿಲ್ಲ.”

ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಪ್ರಕಾಶಕರಿಗೆ ಅಂದೇ ಫೋನು ಮಾಡಿದೆ. ಎರಡನೇ ಮುದ್ರಣ ಆಗಲೇ ಮುಗಿದಿದೆ, ಮುಂದಿನ ಸಲ ನೋಡೋಣ ಎಂದರು. ನಾನು ಜಗಳವಾಡಲಿಲ್ಲ, ಹೂಂ ಅಂದೆ. ವಾರದಲ್ಲಿ ಪ್ರತಿಗಳು ಬಂದವು. ಆ ವಾಕ್ಯವನ್ನು ಈ ಸಲ ಹಿಂಬದಿಯ ರಕ್ಷಾಪುಟದಲ್ಲೂ ದೊಡ್ಡ ಅಕ್ಷರದಲ್ಲಿ ಹಾಕಿದ್ದರು.

ಆ ತಾಯಿಗೆ ಹೇಳಿಬರೋಣವೆಂದು ಅವರ ಹಳ್ಳಿಗೆ ಹೋದೆ. ಬೆಳಗಿನ ಹನ್ನೊಂದು ಗಂಟೆ. ಓಣಿಯ ಎಲ್ಲ ಮನೆಗಳೂ ತೆರೆದಿದ್ದವು, ಅವರದೊಂದು ಹಾಕಿತ್ತು. ಬಾಗಿಲು ಬಡಿದೆ. ಒಳಗೆ ಹೊಲಿಗೆ ಯಂತ್ರ ಗಕ್ಕನೆ ನಿಂತಿತು. “ಯಾರ್ರಿ?” ಎಂದು ಕಿರಿಮಗಳು ಒಳಗಿಂದಲೇ ಕೇಳಿದಳು. ಹೇಳಿದೆ. ಚಿಲಕ ತೆಗೆದವರು ತಾಯಿ.

ತಿದ್ದಲಾಗಲಿಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ. ಹೆಣ್ಣು ನೋಡಲು ಬರುತ್ತೇವೆಂದವರೂ ಬಂದಿರಲಿಲ್ಲವಂತೆ. ಯಾರ್ಯಾರೋ ಪುಸ್ತಕ ಓದಿ ಮನೆ ನೋಡಲು ಬರುತ್ತಾರಂತೆ, ಹೊಸ್ತಿಲು ದಾಟಿ ಫೋಟೋ ತೆಗೆಯುತ್ತಾರಂತೆ. ಅದಕ್ಕೇ ಈಗ ಹಗಲೂ ಬಾಗಿಲು ಹಾಕಿಕೊಳ್ಳುವುದು ಎಂದರು.

“ಇರ್ಲಿ ಬಿಡ್ರಿ, ತಿದ್ದೂದು ಬ್ಯಾಡ,” ಅಂದರು. “ನೀವು ಬರದದ್ದು ಈಗ ಖರೆ ಆಗೇತಿ. ನಗೂದೊಂದು ಬಿಟ್ಟು.”