ದೊಡ್ಡಪ್ಪ ತಂದ ಮದ್ದು

ಅಪ್ಪ ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಇತಿಹಾಸದ ಮೇಷ್ಟ್ರು. ಊಟಕ್ಕೆ ಕೂತರೂ ಪಾಠ ತಪ್ಪುತ್ತಿರಲಿಲ್ಲ. ಅವರಿಗೆ ಬಲು ಇಷ್ಟವಾದ ಕಥೆ ಚೀನಾದ ಚಕ್ರವರ್ತಿಯದು. ಪಕ್ಕದ ದೇಶದ ಮುದಿ ರಾಜ ಕಾಯಿಲೆ ಬಿದ್ದನೆಂದು ಕೇಳಿ, ಅವನು ಹಡಗಿನಲ್ಲಿ ವೈದ್ಯರನ್ನೂ ಪೆಟ್ಟಿಗೆಗಟ್ಟಲೆ ಔಷಧಿಯನ್ನೂ ಕಳಿಸಿದ್ದನಂತೆ.

"ಅದು ಕರುಣೆ ಅಲ್ಲ, ತಿಳ್ಕೋ. ತಗೊಂಡೋನು ತಲಿ ಬಗ್ಗಿಸಬೇಕು, ಕೊಟ್ಟೋನು ದೊಡ್ಡೋನು ಆಗ್ತಾನ," ಎಂದು ಅಪ್ಪ ಬೆರಳೆತ್ತುತ್ತಿದ್ದರು.

ಐವತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನನ್ನ ತಂಗಿಗೆ ವಿಷಮಶೀತ ಜ್ವರ ಬಂತು. ಡಾಕ್ಟರು ಬರೆದ ಮಾತ್ರೆ ಊರಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅವಳ ತುಟಿ ಒಡೆದಿತ್ತು, ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ಹರಿಹರದಿಂದ ದೊಡ್ಡಪ್ಪ ಬಂದದ್ದು ಆಗ. ಮನೆ ಪಾಲಾದಾಗಿನಿಂದ ಅಣ್ಣ ತಮ್ಮಂದಿರಿಗೆ ಮಾತಿರಲಿಲ್ಲ. ಹೇಗೋ ಸುದ್ದಿ ಮುಟ್ಟಿ, ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಅದೇ ಮಾತ್ರೆಯ ಸೀಸೆ ತಂದಿದ್ದರು. ಹೊಸ್ತಿಲ ಹೊರಗೇ ನಿಂತು, "ಕೂಸಿಗೆ ಕೊಡವ್ವ," ಎಂದು ಅಮ್ಮನತ್ತ ಚಾಚಿದರು.

ಅಪ್ಪ ಅಡ್ಡ ಬಂದರು. "ಬ್ಯಾಡ. ಏನ್ ಮದ್ದು ಹಾಕಿ ತಂದಾನೋ ಯಾರಿಗ್ ಗೊತ್ತು?"

ಮದ್ದು ಎಂದರೆ ನಮ್ಮಲ್ಲಿ ಔಷಧಿಯೂ ಹೌದು, ಆಗದವರು ಅನ್ನದಲ್ಲಿ ಕಲಸಿಕೊಡುವ ವಿಷವೂ ಹೌದು. ಮದ್ದು ಹಾಕುತ್ತಾರೆಂದು ಹೆದರುವವರನ್ನು ತರಗತಿಯಲ್ಲಿ ಗೇಲಿ ಮಾಡುತ್ತಿದ್ದ ಮೇಷ್ಟ್ರು ಇವರೇ!

ದೊಡ್ಡಪ್ಪ ಬಿರಡೆ ತೆಗೆದು ಒಂದು ಮಾತ್ರೆಯನ್ನು ನೀರೂ ಕೇಳದೆ ನುಂಗಿದರು. "ನೋಡು, ನಂಗೇನೂ ಆಗಿಲ್ಲ. ಈಗಾರ ಕೊಡೋ."

ಅಮ್ಮ ಅಪ್ಪನ ಕಾಲು ಹಿಡಿದಳು. ಅಪ್ಪ ಬಾಗಿಲು ಹಾಕಿದರು. ಬೆಂಗಳೂರಿನಿಂದ ತರಿಸುತ್ತೇನೆ ಎಂದರು. ಆ ಮಾತ್ರೆಗಳೂ ಬಂದವು, ತಂಗಿಯನ್ನು ಮಣ್ಣು ಮಾಡಿ ಬಂದ ಮೇಲೆ.

ನನಗೆ ಆ ಸಿಟ್ಟು ಇನ್ನೂ ಆರಿಲ್ಲ, ಆರಲಿ ಎಂಬ ಆಸೆಯೂ ಇಲ್ಲ. ಅಪ್ಪ ಮತ್ತೆಂದೂ ಚೀನಾದ ಚಕ್ರವರ್ತಿಯ ಕಥೆ ಎತ್ತಲಿಲ್ಲ. ಕೆಲವು ವರ್ಷ ಕಳೆದು ಚೀನಾದ ಜೊತೆ ಯುದ್ಧ ಶುರುವಾದಾಗ ಊರೆಲ್ಲ ಅದೇ ಮಾತು. ಒಂದು ದಿನ ಊಟದ ಹೊತ್ತಿಗೆ ನಾನು ಬೇಕೆಂದೇ ಕೇಳಿದೆ. "ಆ ಮುದಿ ರಾಜ ಔಷಧಿ ತಗೊಂಡ್ನೇನಪ್ಪ?"

ಅಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟರು.

"ತಗೊಂಡ. ತಲಿ ಬಗ್ಗಿಸಿ ತಗೊಂಡ," ಎಂದರು. "ಆಮ್ಯಾಲೂ ಅವ್ನು ರಾಜನೇ ಆಗಿದ್ದ."

ಅಮ್ಮ ಅನ್ನದ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.